ಏಳು ಚುಕ್ಕಿಯೋ ಒಂಬತ್ತೋ

…ಅಥವಾ ಅದು ಬಲಗೈ ಇದ್ದಿರಬಹುದು. ಎಡಗೈ ಎಂದು ಇಷ್ಟು ದಿನ ಹೇಳುತ್ತ ಬಂದಿದ್ದೇನೆ. ಕ್ಯಾಮೆರಾವನ್ನು ಬಲಗೈಯಲ್ಲಿ ಹಿಡಿದವಳು ಕತ್ತಲೆಯೊಳಗೆ ಚಾಚುವುದು ಎಡಗೈಯನ್ನೇ ಅಲ್ಲವೇ ಎಂದು ಯೋಚಿಸಿ, ನೆನಪು ಖಾಲಿ ಬಿಟ್ಟ ಜಾಗದಲ್ಲಿ ತರ್ಕವನ್ನು ಕೂರಿಸಿದ್ದೇನೇನೋ. ಕೈ ಮಾತ್ರ ನಿಜ. ಮುಂಗೈಯ ಒಳಮೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಸಾಸಿವೆ ಕಾಳಿನಷ್ಟು ಸಣ್ಣ ಹಚ್ಚೆಯ ಚುಕ್ಕಿಗಳು, ಹಸಿರು, ಒಂದೇ ಸಾಲಿನಲ್ಲಿ. ಏಳು. ಒಮ್ಮೊಮ್ಮೆ ಒಂಬತ್ತು ಅನ್ನಿಸುತ್ತದೆ.

ಆ ಚುಕ್ಕಿಗಳಿಂದ ಫೋಟೊ ಅಕ್ಕ ಬೆಳಕನ್ನು ಅಳೆಯುತ್ತಿದ್ದಳು.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಸ್ಟುಡಿಯೊ. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತಾಳೆ ಎಂದು ಓಣಿಯವರೆಲ್ಲ ತಿಳಿದುಕೊಂಡಿದ್ದಾಗ ಅವಳೇ ಬಂದು ಶಟರ್ ಎತ್ತಿದಳಂತೆ. ಅಂತೆ ಎನ್ನುತ್ತಿದ್ದೇನೆ, ನಾನು ಆಗ ಅಲ್ಲಿರಲಿಲ್ಲ. ನಾನು ಯಾದಗಿರಿಯವಳು. ಶಹಾಪುರದ ಒಂದು ಖಾಸಗಿ ಶಾಲೆಗೆ ವಿಜ್ಞಾನ ಕಲಿಸಲು ಬಂದು, ಸ್ಟುಡಿಯೊದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಫೋಟೊದ ಹುಚ್ಚಿತ್ತು, ಕ್ಯಾಮೆರಾ ಇರಲಿಲ್ಲ. ಹಾಗಾಗಿ ಭಾನುವಾರಗಳಂದು ಅಕ್ಕನ ಚೀಲ ಹಿಡಿದು ಅವಳ ಹಿಂದೆ ಹೋಗುತ್ತಿದ್ದೆ.

ಎಲ್ಲರೂ ಅವಳನ್ನು ಫೋಟೊ ಅಕ್ಕ ಎನ್ನುತ್ತಿದ್ದರು. ಮದುವೆಗಳಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಅದಕ್ಕೆ ಗಂಡಸರಿದ್ದರು. ಅವಳನ್ನು ಕರೆಯುತ್ತಿದ್ದದ್ದು ಬಾಣಂತಿ ಕೋಣೆಗೆ. ಅಲ್ಲಿಗೆ ಗಂಡಸು ಫೋಟೊದವನು ಕಾಲಿಡುವಂತಿಲ್ಲ. ನಮ್ಮ ಕಡೆಯ ಹಳ್ಳಿಯ ಮನೆಗಳಲ್ಲಿ ಆ ಕೋಣೆ ಎಂದರೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಇದ್ದೊಂದು ಬೆಳಕಿಂಡಿಗೂ ಗಾಳಿ ಬರದಂತೆ ತುರುಕಿದ ಬಟ್ಟೆ. ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ. ಫ್ಲ್ಯಾಶ್ ಹಾಕುವಂತಿಲ್ಲ, ಕೂಸಿನ ಕಣ್ಣಿಗೆ ಬಡಿಯುತ್ತದೆ ಎಂದು ಮುದುಕಿಯರು ಮೊದಲೇ ಹೇಳಿರುತ್ತಾರೆ. ಹೊಸಬರು ಯಾರಾದರೂ ಅಲ್ಲಿ ಫೋಟೊ ತೆಗೆದರೆ ಒಂದೋ ಕಪ್ಪು ಬರುತ್ತದೆ, ಇಲ್ಲವೆ ಎಲ್ಲರೂ ಕದಡಿ ಹೋಗುತ್ತಾರೆ.

ಅಕ್ಕ ಹೊಸ್ತಿಲ ಹೊರಗೆ ನಿಂತು ಮುಂಗೈಯನ್ನು ಒಳಗೆ ಚಾಚುವಳು. ಮೈಯೆಲ್ಲ ಬಿಸಿಲಲ್ಲಿ, ಕೈಯೊಂದು ಕತ್ತಲಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಹಾಗೆಯೇ ನಿಲ್ಲುವಳು. ಒಳಗಿನ ಹೆಂಗಸರು ನಗುತ್ತಿದ್ದರು. ಒಬ್ಬಾಕೆ ಒಮ್ಮೆ, "ಏನ್ ಅಕ್ಕಾ, ಮಳಿ ಬಂದಾದೇನಂತ ನೋಡಾಕತ್ತೀರೇನು ನಮ್ಮ ಮನ್ಯಾಗ?" ಎಂದು ಕೇಳಿದ್ದಳು. ಚುಕ್ಕಿಗಳು ಬಿಡಿಬಿಡಿಯಾಗಿ ಕಂಡರೆ ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಎಂಬ ಅಂಕಿ, ಸಾವಿರದ ಆರುನೂರು. ಚುಕ್ಕಿಗಳು ಕೂಡಿ ಗೆರೆಯಾದರೆ ಮೂರು ಸಾವಿರದ ಇನ್ನೂರು. ಗೆರೆಯೂ ಕಾಣದಿದ್ದರೆ ಮನೆಯವರಿಗೆ, "ಬಾಗಲಾ ಒಂದ್ ನಾಲ್ಕ್ ಬೆರಳು ತಗೀರಿ. ಗಾಳಿಗಿ ನಾ ಅಡ್ಡ ನಿಂದರ್ತೀನಿ" ಎನ್ನುವಳು. ಲೆನ್ಸ್ ಯಾವಾಗಲೂ ಪೂರ್ತಿ ತೆರೆದೇ ಇರುತ್ತಿತ್ತು.

ಉಳಿದದ್ದು ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದು. ಅದನ್ನು ಅವಳು ಕೋಣೆ ನೋಡಿ ಅಲ್ಲ, ಮನುಷ್ಯರನ್ನು ನೋಡಿ ನಿರ್ಧರಿಸುತ್ತಿದ್ದಳು.

"ಬಾಣಂತಿಗಿ ಸೆಕೆಂಡಿನಾಗ ಅರವತ್ತನೇ ಪಾಲು ಸಾಕು, ಪಾಪ ಅಕಿ ದಣಿದಿರ್ತಾಳ. ಮುದುಕಿಗಿ ಮೂವತ್ತಾದ್ರೂ ನಡೀತದ. ಕೂಸಿಗಿ ಮಾತ್ರ ನೂರಾ ಇಪ್ಪತ್ತೈದರ ಕೆಳಗ ಇಳೀಬ್ಯಾಡ ತಂಗಿ. ಕೂಸು ಮಲಗಿದ್ರೂ ಸುಮ್ಮ ಇರಂಗಿಲ್ಲ."

"ಸುಮ್ಮ ಇರೋರು ಯಾರ್ ಅದಾರ್ರಿ ಹಂಗಾದ್ರ?" ಎಂದು ಕೇಳಿದ್ದೆ.

ಅಂಗಡಿಯ ಮುಂದೆ ನಿಂತರೆ ಮಲಗಿದ ಬುದ್ಧನ ಆಕಾರದ ಬೆಟ್ಟ ಕಾಣುತ್ತದೆ. ಅಕ್ಕ ಅತ್ತ ಗಲ್ಲ ತೋರಿಸಿ, "ಅಗಾ ಅಲ್ಲಿ ಮಲಗ್ಯಾನಲ್ಲ, ಅವನೊಬ್ಬನ ನನ್ನ ಚಲೋ ಗಿರಾಕಿ. ಅವನಿಗಿ ಬೇಕಾದ್ರ ಪೂರಾ ಒಂದ್ ಸೆಕೆಂಡ್ ಇಡು" ಎಂದಳು.

ಐಎಸ್ಒ ಏರಿಸಿದಷ್ಟೂ ಚಿತ್ರದಲ್ಲಿ ಕಾಳುಕಾಳು ಕಾಣಿಸುತ್ತದೆ. ಅದಕ್ಕೆ ಅಕ್ಕ ಇಟ್ಟ ಹೆಸರು ರವಾ. "ರವಾ ಬೀಳಲಿ ಬಿಡು, ಮುಖ ಕಲಸಬಾರದು" ಎನ್ನುತ್ತಿದ್ದಳು. ಬೆನ್ನನ್ನು ಗೋಡೆಗೆ ಹಚ್ಚಿ, ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿ, ಉಸಿರನ್ನು ಅರ್ಧ ಬಿಟ್ಟು ಗುಂಡಿ ಒತ್ತುವುದನ್ನು ನನಗೆ ಕಲಿಸಿದವಳು ಅವಳೇ. ಕೂಸಿನ ಎರಡು ಕಣ್ಣುಗಳಲ್ಲಿ ನಮ್ಮ ಕಡೆಗೆ ಹತ್ತಿರವಿರುವ ಕಣ್ಣಿನ ಮೇಲೆ ಫೋಕಸ್ ಇಡಬೇಕು ಎಂದು ಹೇಳಿಕೊಟ್ಟವಳೂ ಅವಳೇ. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರ ತೆರೆದ ಮೇಲೆ ಪ್ರತಿಯೊಂದರ ವಿವರವನ್ನೂ ತೆಗೆದು ತೋರಿಸುವಳು. ಶಟರ್ ಎಷ್ಟು, ಐಎಸ್ಒ ಎಷ್ಟು, ಎಲ್ಲ ಚಿತ್ರದ ಜೊತೆಗೇ ದಾಖಲಾಗಿರುತ್ತದೆ. "ಫೋಟೊದ ಬೆನ್ನ ಮ್ಯಾಲ ಬರದಿರ್ತದ ನೋಡು. ಎಲ್ಲಿ ತಪ್ಪೀವಿ ಅಂತ ಯಾರನ್ನೂ ಕೇಳೋದು ಬ್ಯಾಡ."

ಈ ಮಾತನ್ನು ಅವಳು ಹೇಳಿದ್ದು ಖಂಡಿತ. ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿದ್ದರೆ ಚೆನ್ನಾಗಿತ್ತು.

ಕೆಲವು ಮನೆಗಳಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಬಂದರೆ ಅಕ್ಕನಿಗೆ ಕಾಗದದ ಕಪ್ಪಿನಲ್ಲಿ ಬರುತ್ತಿತ್ತು. ನನಗೆ ಸ್ಟೀಲ್ ಲೋಟ. ಕ್ಯಾಮೆರಾ ಕೈಯಲ್ಲಿದ್ದಾಗ ಅವಳು ಆ ಮನೆಯ ಅತ್ಯಂತ ಒಳಗಿನ ಕೋಣೆಗೆ ಹೋಗಬಹುದಿತ್ತು. ಚೀಲಕ್ಕೆ ಹಾಕಿದ ಮೇಲೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನೊಮ್ಮೆ ಮುಖ ಸಿಂಡರಿಸಿದ್ದಕ್ಕೆ, "ಚಲೋ ಆತು ಬಿಡು, ತೊಳಿಯೋ ಕೆಲಸ ಇಲ್ಲ" ಎಂದು ಕಪ್ಪನ್ನು ಹಿಚುಕಿ ತನ್ನ ಚೀಲಕ್ಕೇ ಹಾಕಿಕೊಂಡಳು. ನಾನು ನನ್ನ ಲೋಟದ ಚಹಾ ಕುಡಿದೆ. ಪೂರ್ತಿ ಕುಡಿದೆ.

ಇನ್ನು ನನ್ನ ವಿಷಯ.

ಮೊಬೈಲಿನಲ್ಲಿ ಫೋಟೊ ಆಸಕ್ತರ ಒಂದು ಗುಂಪಿಗೆ ಸೇರಿದ್ದೆ. ಅಕ್ಕ ತೆಗೆದ ಒಂದು ಚಿತ್ರವನ್ನು ಅಲ್ಲಿ ಹಾಕಿದೆ. ಒಬ್ಬ ಅಜ್ಜಿಯ ಅಂಗೈಯಲ್ಲಿ ಕೂಸಿನ ಎರಡು ಪಾದಗಳು. ನನ್ನ ಹೆಸರಿನಲ್ಲಿ ಹಾಕಿದೆನೋ ಅಕ್ಕನ ಹೆಸರಿನಲ್ಲೋ ಎಂದು ನೆನಪಿಲ್ಲ ಎಂದು ಬರೆಯಲು ಹೊರಟಿದ್ದೆ. ನೆನಪಿದೆ. ನನ್ನ ಹೆಸರಿನಲ್ಲಿ. ಯಾರೋ ಅದರ ಕೆಳಗೆ, "ಇದನ್ನು ಮರಳಿನಲ್ಲಿ ಹೂತಿಟ್ಟು ತೆಗೆದಿರಾ?" ಎಂದು ಬರೆದರು. ಇನ್ನಿಬ್ಬರು ನಕ್ಕರು. ಐಎಸ್ಒ ಎಂಟುನೂರರ ಮೇಲೆ ಹೋಗುವವರಿಗೆ ಕೆಲಸ ಬರುವುದಿಲ್ಲ ಎಂದು ಮತ್ತೊಬ್ಬರು ಬುದ್ಧಿ ಹೇಳಿದರು. ಆ ಹೊತ್ತು ನನಗೆ ನಾಚಿಕೆಯಾದದ್ದು ಅಕ್ಕನ ಬಗ್ಗೆ. ಕಳ್ಳತನದ ಬಗ್ಗೆ ಅಲ್ಲ, ರವೆಯ ಬಗ್ಗೆ.

ಮುಂದಿನ ಭಾನುವಾರವೋ ಅದರ ಮುಂದಿನದ್ದೋ, ರಾಮಸಮುದ್ರದಲ್ಲಿ ಒಂದು ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಕೂಸು. ಬಾಣಂತಿಯ ತಾಯಿ, ಕೂಸಿನ ಅಜ್ಜಿ, ತಾನೇ ಶಹಾಪುರಕ್ಕೆ ಬಂದು ಅಕ್ಕನಿಗೆ ಹೇಳಿಹೋಗಿದ್ದಳು: "ಹೆಸರ ಇಡೋ ಹೊತ್ತಿನ ಫೋಟೊ ಒಂದ್ ದೊಡ್ಡದು ಮಾಡಿಸಿ ಪಡಸಾಲ್ಯಾಗ ಹಾಕ್ತೀನಿ. ಎಂಟು ವರ್ಷ ಯಾರ್ಯಾರು ಏನೇನು ಅಂದಾರ, ಅವರೆಲ್ಲ ಬಂದು ಅದರ ಕೆಳಗ ಕುಂತು ಚಾ ಕುಡೀಬೇಕು."

ಮನೆಗೆ ಹೋದೆವು. ಅಕ್ಕ ಎಂದಿನಂತೆ ಹೊಸ್ತಿಲಲ್ಲಿ ನಿಂತು ಕೈ ಚಾಚಿದಳು. ಚುಕ್ಕಿಗಳು ಗೆರೆಯಾಗಿದ್ದವು. ಮೂರು ಸಾವಿರದ ಇನ್ನೂರು, ನೂರಾ ಇಪ್ಪತ್ತೈದು ಎಂದು ಇಟ್ಟು, ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಹೊರಗಿಂದ ಬಂದವರು ಕೈಕಾಲು ತೊಳೆದು, ಅಂಗೈಯನ್ನು ಕೆಂಡಕ್ಕೆ ಕಾಯಿಸಿಕೊಂಡೇ ಕೂಸಿನ ಹತ್ತಿರ ಹೋಗಬೇಕು. ಪ್ರತಿ ಮನೆಯಲ್ಲೂ ಆ ನಾಲ್ಕು ನಿಮಿಷ ಕ್ಯಾಮೆರಾ ನನ್ನ ಕೈಯಲ್ಲಿರುತ್ತಿತ್ತು.

ಆ ದಿನ ನಾನು ಐಎಸ್ಒ ಎಂಟುನೂರಕ್ಕೆ ಇಳಿಸಿದೆ. ಬೆಳಕು ಕಡಿಮೆಯಾಗದಂತೆ ಶಟರನ್ನು ಮೂವತ್ತಕ್ಕೆ, ಅಂದರೆ ನಾಲ್ಕು ಪಟ್ಟು ಹೆಚ್ಚು ಹೊತ್ತು ತೆರೆದಿರುವಂತೆ, ತಂದೆ. ಲೆಕ್ಕ ಸರಿಯಾಗಿಯೇ ಇತ್ತು, ನಾನು ವಿಜ್ಞಾನದ ಟೀಚರ್. ಒಂದೇ ಒಂದು ಕಾಳಿಲ್ಲದ ಚಿತ್ರಗಳನ್ನು ಕಂಡು ಅಕ್ಕ ಬೆರಗಾಗುತ್ತಾಳೆ, ಆಗ ಹೇಳಿದರಾಯಿತು ಎಂದುಕೊಂಡಿದ್ದೆ. ಗುಂಪಿನಲ್ಲಿ ಹಾಕಲು ಚಿತ್ರವೂ ಸಿಗುತ್ತದೆ ಎಂದುಕೊಂಡಿದ್ದೆನೇ? ಹೌದು.

ಅಕ್ಕ ಬಂದು ಕ್ಯಾಮೆರಾ ತೆಗೆದುಕೊಂಡಳು. ಹೆಂಗಸರು ತೊಟ್ಟಿಲ ಕೆಳಗಿಂದ ಒಬ್ಬರು, ಮೇಲಿಂದ ಒಬ್ಬರು ಕೂಸನ್ನು ದಾಟಿಸತೊಡಗಿದರು. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದ್ದೇ ತಡ, ಉಳಿದವರೆಲ್ಲ ಅವಳ ಬೆನ್ನಿಗೆ ಗುದ್ದಿದರು. "ಮೆಲ್ಲಕ ಗುದ್ದ್ರೇ, ಈ ಬೆನ್ನು ನಾಳಿಗೂ ಬೇಕು ನನಗ" ಎಂದು ಅವಳು ಕೂಗುತ್ತಿದ್ದಳು. ಅಕ್ಕ ಗೋಡೆಗೆ ಬೆನ್ನು ಹಚ್ಚಿ ಒಂದೇ ಸಮನೆ ಒತ್ತುತ್ತಿದ್ದಳು. ನಡುವೆ ಪರದೆ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ನೋಡುವಷ್ಟರಲ್ಲಿ ಕೂಸು ಬೇರೆ ಆಗಿರುತ್ತದೆ ಎನ್ನುತ್ತಿದ್ದಳು.

ಆದರೆ ಸದ್ದು. ಮೂವತ್ತರ ಶಟರಿನ ಸದ್ದು ಬೇರೆ, ನೂರಾ ಇಪ್ಪತ್ತೈದರದು ಬೇರೆ. ಒಂದು ಎಳೆದಂತೆ, ಒಂದು ಕಡಿದಂತೆ. ಅಷ್ಟು ವರ್ಷ ಅದನ್ನೇ ಕೇಳಿದ ಕಿವಿಗೆ ಅದು ಗೊತ್ತಾಗಿರಲಿಲ್ಲವೇ? ಒಂದು ಸಲ ಅಕ್ಕ ಕ್ಯಾಮೆರಾ ಕೆಳಗಿಳಿಸಿ ಅದರತ್ತ ನೋಡಿ, ಆಮೇಲೆ ನನ್ನತ್ತ ನೋಡಿದಳು ಎಂದು ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ಬಂದದ್ದು ವರ್ಷಗಳ ನಂತರ, ಬೇಕಾದಾಗ ಬರುವ ಸಾಕ್ಷಿಯ ಹಾಗೆ. ಅವತ್ತು ಹೆಂಗಸರ ಗದ್ದಲದಲ್ಲಿ ಶಟರಿನ ಸದ್ದೇ ಕೇಳಿಸದೆಯೂ ಇದ್ದಿರಬಹುದು.

ಮರುದಿನ ಶಾಲೆ ಮುಗಿಸಿ ಬಂದಾಗ ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ತೊಟ್ಟಿಲ ಹಗ್ಗದ ಎಳೆ ಎಣಿಸುವಷ್ಟು ಸ್ಪಷ್ಟವಾಗಿತ್ತು. ಗೋಡೆಯ ಗೂಡಿನಲ್ಲಿದ್ದ ಕುಂಕುಮದ ಬಟ್ಟಲು ಸ್ಪಷ್ಟವಾಗಿತ್ತು. ಕೂಸಿನ ಮುಖ ಮಾತ್ರ ನಾದಿದ ಹಿಟ್ಟಿನ ಹಾಗೆ. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ಸೋದರತ್ತೆಗೆ ಎರಡು ಬಾಯಿಗಳಿದ್ದವು. ಒಂದು ಕಾಳು ರವೆ ಇರಲಿಲ್ಲ.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಮತ್ತೆ ತೆಗೆದಳು.

"ಕಣ್ಣು ಹೋದವು ಕಾಣಸ್ತದ ತಂಗಿ ನನ್ನವು."

ನಾನು ಶಾಲೆಯ ಚೀಲವನ್ನು ಕುರ್ಚಿಗೆ ನೇತುಹಾಕಿದೆ.

"ಫೋಕಸ್ ಬಿದ್ದದ ಅಂತ ತಿಳಕೊಂಡು ಒತ್ತೀನಿ ನೋಡು. ಒಂದರಾಗರ ಬೀಳಬೇಕಿಲ್ಲೇನು?" ಎಂದವಳು ಮುಂಗೈಯನ್ನು ಕಂಪ್ಯೂಟರಿನ ಬೆಳಕಿಗೆ ಹಿಡಿದಳು. "ಇಲ್ಲಿ ಎಷ್ಟ್ ಅದಾವ ಹೇಳು. ನನಗ ಐದ ಕಾಣಾಕತ್ಯಾವ."

"ಏಳ್ರಿ" ಎಂದೆ. ಎಣಿಸದೆ ಹೇಳಿದೆ. ಆ ಕೈಯನ್ನು ನೋಡಲು ಆಗಲಿಲ್ಲ.

ಆಗಲೇ ಹೇಳಬಹುದಿತ್ತು. ಯಾರೋ ಪಾಸ್‌ಪೋರ್ಟ್ ಫೋಟೊಗೆ ಬಂದರು, ಮಾತು ನಿಂತಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾರೂ ಬರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅಂಗಡಿ ಖಾಲಿ ಇತ್ತು. ಬೇಕಾದಷ್ಟು ಹೊತ್ತು ಇತ್ತು.

ಎರಡು ದಿನ ಬಿಟ್ಟು ಕೂಸಿನ ಅಜ್ಜಿ ಬಂದಳು. ಕನ್ನಡಕವಿಲ್ಲದ ಅವಳಿಗೂ ಗೊತ್ತಾಯಿತು.

"ಇದೇನ್ ಅಕ್ಕಾ, ನಮ್ಮ ಕೂಸಿಗಿ ಮೂಗ ಇಲ್ಲ? ಹುಟ್ಟೋವಾಗ ತಂದಿತ್ತಲ್ಲ."

"ನನ್ನ ಕಣ್ಣಿಂದ ತಪ್ಪಾಗ್ಯಾದ್ರಿ. ಇನ್ನೊಂದ್ ಸಲ ಬಂದು ಚಂದ ತಗದು ಕೊಡ್ತೀನಿ."

"ಹೆಸರ ಎರಡ್ ಸಲ ಇಡ್ತಾರೇನು?" ಎಂದಳು ಅಜ್ಜಿ. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಕೇಳುವವಳಂತೆ. ಆಮೇಲೆ ಚಿತ್ರಗಳನ್ನು ಒಂದೊಂದಾಗಿ ನೋಡಿ, ತೊಟ್ಟಿಲಷ್ಟೇ ಕಾಣುವ ಒಂದನ್ನು ಬೆರಳಿನಿಂದ ತೋರಿಸಿದಳು. "ಇದನ್ನ ಕೊಡ್ರಿ. ತೊಟ್ಟಲಾದ್ರೂ ಚಂದ ಬಂದಾದ."

ನಾನು ಅಲ್ಲೇ ಇದ್ದೆ. ಯಾರದೋ ಆಧಾರ್ ಕಾರ್ಡನ್ನು ಝೆರಾಕ್ಸ್ ಮಾಡುತ್ತ, ಬೇಕಾದ್ದಕ್ಕಿಂತ ಹೆಚ್ಚು ಪ್ರತಿ ತೆಗೆಯುತ್ತ ನಿಂತಿದ್ದೆ.

ಅಜ್ಜಿ ಯಾರ ಮುಂದೆ ಏನು ಹೇಳಿದಳೋ ಗೊತ್ತಿಲ್ಲ. ಫೋಟೊ ಅಕ್ಕನ ಕಣ್ಣು ಮಂಜಾಗಿವೆ ಎಂಬ ಮಾತು ಆ ಚಳಿಗಾಲದೊಳಗೆ ಊರೂರು ತಿರುಗಿತು. ಆದರೆ ಕರೆ ಬರುವುದು ಪೂರ್ತಿ ನಿಂತಿರಲಿಲ್ಲ. ನಿಲ್ಲಿಸಿದ್ದು ಅಕ್ಕನೇ. ಮುಂದಿನ ಕರೆ ಬಂದಾಗ ಕ್ಯಾಮೆರಾವನ್ನು ನನ್ನ ಮುಂದಿಟ್ಟು, "ನೀ ಹೋಗು ಟೀಚರಮ್ಮಾ. ನನಗ ನನ್ನ ಮ್ಯಾಲ ನಂಬಿಕಿ ಇಲ್ಲ" ಎಂದಳು.

ನಾನು ಹೋದೆ. ನನ್ನ ಕೈಯ ಮೇಲೆ ಹಚ್ಚೆ ಇರಲಿಲ್ಲ, ಕೈಗಡಿಯಾರದ ಅಂಕಿಗಳನ್ನು ನೋಡಿ ಅಳೆದೆ. ಮೂರು ಸಾವಿರದ ಇನ್ನೂರು, ನೂರಾ ಇಪ್ಪತ್ತೈದು. ಕೂಸಿನ ರೆಪ್ಪೆ ಎಣಿಸುವಂತೆ ಚಿತ್ರ ಬಂತು. ಸಣ್ಣಾಕಿಯ ಕಣ್ಣು ಚಲೋ ಇವೆ ಎಂದು ಹೆಂಗಸರು ಹೊಗಳಿದರು. ಅಕ್ಕ ಚಿತ್ರಗಳನ್ನು ನೋಡಿ, "ರವಾ ಬಿದ್ದದ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಬೀಳಲಿ" ಎಂದಳು. ಆ ಎರಡು ಮಾತಿನ ನಡುವಿನ ಹೊತ್ತನ್ನು ನಾನು ಈಗಲೂ ಅಳೆಯುತ್ತೇನೆ. ಪ್ರತಿ ಸಲವೂ ಬೇರೆ ಬೇರೆ ಉದ್ದ ಬರುತ್ತದೆ.

ಒಂದೆರಡು ತಿಂಗಳ ಮೇಲೆ ಅವಳು ರಾಯಚೂರಿಗೆ ಹೋಗಿ ಕಣ್ಣು ತೋರಿಸಿ ಬಂದಳು. "ಪರಿ ಬರಾಕತ್ತದಂತ. ಸಣ್ಣದು ಅದ ಇನ್ನ, ಈಗ ತಗೆಯೋದೇನು ಬ್ಯಾಡ ಅಂದ್ರು" ಎಂದು ಹೇಳಿದಳು. ಅದನ್ನು ಕೇಳಿ ನನಗೆ ಆದದ್ದನ್ನು ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಸಮಾಧಾನವಾಯಿತು. ಕಣ್ಣಲ್ಲಿ ಪೊರೆ ಇದೆ ಎಂದರೆ ತಪ್ಪು ಪೂರ್ತಿ ನನ್ನದಲ್ಲ. ಆ ರಾತ್ರಿ ಚೆನ್ನಾಗಿ ಊಟ ಮಾಡಿದೆ.

ಎರಡು ವರ್ಷದ ನಂತರ ನನಗೆ ಸುರಪುರದ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕೋಣೆ ಖಾಲಿ ಮಾಡಿ ಹೊರಟ ದಿನ ಅಕ್ಕ ಕತ್ತಲ ಕೋಣೆಗಳಲ್ಲಿ ಬಳಸುತ್ತಿದ್ದ ತನ್ನ ಐವತ್ತು ಎಂಎಂ ಲೆನ್ಸನ್ನು ಹಳೆಯ ಕುಪ್ಪಸದಲ್ಲಿ ಸುತ್ತಿ ಕೊಟ್ಟಳು. ಬೇಡ ಎಂದೆ. "ನಾ ಏನ್ ಮಾಡ್ಲಿ ತಗೊಂಡು, ಒಳಗ ಹೋಗೋದ ಬಿಟ್ಟೀನಿ" ಎಂದಳು. ಆ ಲೆನ್ಸಿನಿಂದ ತೆಗೆದ ಚಿತ್ರಗಳಿಂದಲೇ ನನ್ನನ್ನು ನಾಲ್ಕು ಜನ ಗುರುತಿಸುವಂತಾಯಿತು. ಕತ್ತಲ ಕೋಣೆಯಲ್ಲಿ ಫೋಟೊ ತೆಗೆಯುವುದರ ಬಗ್ಗೆ ನಾನು ಹುಡುಗಿಯರಿಗೆ ಪಾಠ ಮಾಡುತ್ತೇನೆ. ಮುಂಗೈ ಚಾಚಿ ಬೆಳಕು ನೋಡುವುದನ್ನು ಹೇಳಿಕೊಡುತ್ತೇನೆ. ಯಾರಿಂದ ಕಲಿತೆ ಎಂದೂ ಹೇಳುತ್ತೇನೆ. ಅಲ್ಲಿಗೆ ನಿಲ್ಲಿಸುತ್ತೇನೆ.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಮಧ್ಯಾಹ್ನ ಅಂಗಡಿಯ ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ನನಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು, ಮೂರನೆಯ ದಿನ ಹೋದೆ. ಅವಳ ತಂಗಿಯ ಮಗಳು ಒಂದು ಬಿಸ್ಕತ್ತಿನ ಡಬ್ಬಿ ತಂದು ಕೊಟ್ಟಳು. "ಇದು ಟೀಚರಮ್ಮಗ ಕೊಡ್ರಿ ಅಂತ ಹೇಳಿದ್ಳು ದೊಡ್ಡವ್ವ. ಯಾವಾಗರ ಬಂದಾಗ ಅಂತ." ಯಾವಾಗ ಹೇಳಿದ್ದಳು ಎಂದು ಕೇಳಿದೆ. ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಬಹಳ ಹಿಂದೆ ಎಂದಳು. ಆಮೇಲೆ, ಅಷ್ಟೇನೂ ಹಿಂದೆ ಅಲ್ಲ ಎಂದಳು.

ಡಬ್ಬಿಯ ತುಂಬ ಮೆಮೊರಿ ಕಾರ್ಡುಗಳು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಊರ ಹೆಸರು ಬರೆದಿದ್ದಳು. ಅಬ್ಬೆತುಮಕೂರು, ಬಳಿಚಕ್ರ, ರಾಮಸಮುದ್ರ. ಕೆಟ್ಟ ಚಿತ್ರಗಳನ್ನು ಅಕ್ಕ ಅಳಿಸಿಹಾಕುತ್ತಿದ್ದಳು, ಕಾರ್ಡನ್ನು ಮತ್ತೆ ಬಳಸುತ್ತಿದ್ದಳು. ರಾಮಸಮುದ್ರದ ಕಾರ್ಡಿನಲ್ಲಿ ಎಲ್ಲ ಚಿತ್ರಗಳೂ ಹಾಗೆಯೇ ಇದ್ದವು. ಒಂದನ್ನು ತೆರೆದು ವಿವರ ನೋಡಿದೆ. ಸೆಕೆಂಡಿನ ಮೂವತ್ತನೇ ಪಾಲು. ಐಎಸ್ಒ ಎಂಟುನೂರು.

ಕೊನೆಗೆ ಒಂದು ಚಿತ್ರ ಹೆಚ್ಚಿಗಿತ್ತು. ತೊಟ್ಟಿಲಿನದ್ದಲ್ಲ. ಅಂಗಡಿಯ ಮೇಜಿನ ಮೇಲೆ ಚಾಚಿದ ಒಂದು ಮುಂಗೈ, ಒಳಮೈ ಮೇಲಾಗಿ. ಅದರ ವಿವರದಲ್ಲೂ ಅದೇ ಮೂವತ್ತು, ಅದೇ ಎಂಟುನೂರು. ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆದದ್ದರಿಂದ ಚಿತ್ರ ಅಲುಗಿದೆ. ಎಡಗೈಯೋ ಬಲಗೈಯೋ ತಿಳಿಯುವಂತಿಲ್ಲ, ಹೆಬ್ಬೆರಳು ಚೌಕಟ್ಟಿನ ಹೊರಗಿದೆ. ಚುಕ್ಕಿಗಳು ಒಂದರೊಳಗೊಂದು ಕೂಡಿ ಹಸಿರು ಗೆರೆಯಾಗಿವೆ. ದೊಡ್ಡದು ಮಾಡಿ ನೋಡಿದೆ, ಚಿಕ್ಕದು ಮಾಡಿ ನೋಡಿದೆ. ಏಳು ಎನ್ನಬಹುದು, ಒಂಬತ್ತು ಎನ್ನಬಹುದು.

ಕ್ಯಾಮೆರಾದ ತಾರೀಖನ್ನು ಅಕ್ಕ ಎಂದೂ ಸರಿಮಾಡಿಟ್ಟವಳಲ್ಲ. ಹಾಗಾಗಿ ಅದನ್ನು ತೆಗೆದದ್ದು ನನ್ನ ಮುಂದೆ ಕೈ ಹಿಡಿದು ಎಣಿಸು ಎಂದು ಹೇಳುವ ಮೊದಲೋ ಆಮೇಲೋ ತಿಳಿಯುವುದಿಲ್ಲ. ಅವಳು ಪರೀಕ್ಷೆ ಮಾಡುತ್ತಿದ್ದದ್ದು ತನ್ನ ಕಣ್ಣನ್ನೋ ನಾನು ತಿರುಗಿಸಿಟ್ಟ ಅಂಕಿಗಳನ್ನೋ, ಅದೂ ತಿಳಿಯುವುದಿಲ್ಲ. ಚಿತ್ರದ ಬೆನ್ನ ಮೇಲೆ ಬರೆದಿರುವುದನ್ನು ಓದಲು ನನಗೆ ಕಲಿಸಿದವಳು ಅವಳು. ಆ ಸೋಮವಾರ ಅವಳು ಅದನ್ನು ಓದಿದ್ದಳೇ, ಓದಿಯೂ ಕಣ್ಣು ಹೋದವು ಎಂದಳೇ, ಅಥವಾ ನನ್ನ ಮೇಲಿನ ನಂಬಿಕೆಯಿಂದ ತೆರೆದೇ ನೋಡಲಿಲ್ಲವೇ, ನನಗೆ ಗೊತ್ತಿಲ್ಲ. ಡಬ್ಬಿಯನ್ನು ನನಗೇ ಏಕೆ ಕೊಡಲು ಹೇಳಿದಳು ಎಂಬುದೂ ಗೊತ್ತಿಲ್ಲ.